ಅಜ್ಜಿಗೆ ಯಾವ ಬರಿ?

"ತಾಯಿಯ ಹೆಸರು ಎಂತ?"

ಪಂಚಾಯತ್ ಕಚೇರಿಯ ಹುಡುಗಿ ಕೇಳಿದಳು. ನಾನು ನನ್ನ ಅಮ್ಮನ ಹೆಸರು ಹೇಳಿದೆ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನಿಮ್ಮ ತಾಯಿಯದ್ದಲ್ಲ ಮೇಡಂ, ತೀರಿಕೊಂಡವರ ತಾಯಿಯದ್ದು" ಅಂದಳು. ನಾನು ದೊಡ್ಡ ಮಾವನ ಮುಖ ನೋಡಿದೆ. ಅವರು ತನ್ನ ಕೊಡೆಯಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು. ಅರವತ್ತಾರು ವರ್ಷದ ಮಗನಿಗೆ ತನ್ನ ತಾಯಿಯ ತಾಯಿಯ ಹೆಸರು ಗೊತ್ತಿರಲಿಲ್ಲ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ತಂದೆಯ ತಂದೆಯ ಹೆಸರು ಮರೆತವರು ಸಿಕ್ಕಾರು. ತಾಯಿಯ ತಾಯಿ ಯಾವ ಮನೆಯವರು, ಅವರ ತಾಯಿ ಎಲ್ಲಿಂದ ಬಂದವರು ಎಂಬುದನ್ನು ಮರೆಯುವವರಿಲ್ಲ. ಬರಿ ಬರುವುದೇ ಆ ದಾರಿಯಲ್ಲಿ. ಘಟ್ಟದ ಮೇಲಿನವರಿಗೆ ಗೋತ್ರ ಇದ್ದ ಹಾಗೆ ತುಳುವರಿಗೆ ಬರಿ. ಆದರೆ ಗೋತ್ರ ತಂದೆಯಿಂದ, ಬರಿ ತಾಯಿಯಿಂದ. ಒಂದೇ ಬರಿಯ ಗಂಡು ಹೆಣ್ಣು ಅಂದರೆ ಅಣ್ಣ ತಂಗಿ, ಮದುವೆ ಆಗುವ ಹಾಗಿಲ್ಲ.

ಅಜ್ಜಿ, ಅಂದರೆ ನನ್ನ ಅಮ್ಮನ ಅಮ್ಮ, 2024ರ ಜುಲೈ 27ರಂದು ಶಿರ್ವದ ಹತ್ತಿರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಗಂಜಿ ಉಂಡು ಮಲಗಿದವರು ಏಳಲಿಲ್ಲ. ಮಳೆ ಹೇಗಿತ್ತೆಂದರೆ ಚಿತೆಯ ಮೇಲೆ ತಗಡಿನ ಮಾಡು ಕಟ್ಟಬೇಕಾಯಿತು. ಮಾವಂದಿರಿಗೆ ಕಟ್ಟಿಗೆ, ಭಟ್ಟರು, ಚಪ್ಪರ, ಅಡುಗೆಯವರ ಓಡಾಟ. ನಾನು ಮಂಗಳೂರಿನಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುವವಳಾದ್ದರಿಂದ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ಎರಡು ಕೆಲಸ: ಮರಣ ನೋಂದಣಿ ಮಾಡಿಸಿ ಅಜ್ಜಿಯ ಮಿಲಿಟರಿ ಫ್ಯಾಮಿಲಿ ಪೆನ್ಶನ್ ನಿಲ್ಲಿಸುವುದು. ಮತ್ತೆ, ಹದಿಮೂರನೇ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ನುಡಿನಮನ ಬರೆಯುವುದು.

"ಒಂದು ಪುಟ ಸಾಕು ಮಗಾ," ಅಂದರು ದೊಡ್ಡ ಮಾವ. "ಹುಟ್ಟಿದ ತಾರೀಕು, ಊರು, ಮದುವೆ, ಮಕ್ಕಳು, ಮೊಮ್ಮಕ್ಕಳು. ಐದು ನಿಮಿಷ ಓದುವಷ್ಟು."

ಹುಟ್ಟಿದ ತಾರೀಕಿನಲ್ಲೇ ನಾನು ಸಿಕ್ಕಿಬಿದ್ದೆ.

ಅಜ್ಜಿಯ ಮಂಚದ ಅಡಿಯಲ್ಲಿ ಅಜ್ಜನ ಕಪ್ಪು ಟ್ರಂಕ್ ಇತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಜ್ಜನ ನಂಬರು, ರ‍್ಯಾಂಕು, ಹೆಸರು. ಒಳಗೆ ಬಿಸ್ಕೆಟ್ ಡಬ್ಬ, ಡಬ್ಬದೊಳಗೆ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಕಾಗದಗಳು. ಅಜ್ಜನ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹುಟ್ಟಿದ ದಿನ 1938ರ ಜುಲೈ 1. ಆಧಾರ್‌ನಲ್ಲಿ 1940ರ ಜನವರಿ 1. ಮತದಾರರ ಚೀಟಿ ಇನ್ನೊಂದು ಪ್ರಾಯ ಹೇಳುತ್ತಿತ್ತು. ಜುಲೈ 1, ಜನವರಿ 1 ಎಂಬ ತಾರೀಕು ಕಂಡಲ್ಲೆಲ್ಲ ಗುಮಾಸ್ತನೊಬ್ಬ "ಸುಮಾರು ಎಷ್ಟಾಯ್ತಮ್ಮ?" ಅಂತ ಕೇಳಿದ್ದಾನೆ ಎಂದೇ ಅರ್ಥ. ನಮ್ಮ ಆಫೀಸಿಗೆ ಬರುವ ಹಿರಿಯರಲ್ಲಿ ಅರ್ಧ ಜನ ಜನವರಿ 1ರಂದು ಹುಟ್ಟಿದವರು.

ಹೆಸರಿನ ಕತೆಯೂ ಅಷ್ಟೇ. ಗೋರ್ಖಾ ಹೆಣ್ಣುಮಕ್ಕಳ ಹೆಸರಿನ ಕೊನೆಗೆ 'ಮಾಯಾ' ಬರುವುದುಂಟು, ಅಜ್ಜಿಯದ್ದೂ ಹಾಗೆಯೇ. ಮಿಲಿಟರಿ ಗುಮಾಸ್ತ ಅದನ್ನು ತೆಗೆದು 'ದೇವಿ' ಸೇರಿಸಿದ. ರೇಶನ್ ಕಾರ್ಡಿನವರು ಎರಡನ್ನೂ ಬಿಟ್ಟು ಕೊನೆಗೊಂದು 'ವತಿ' ಹಚ್ಚಿದರು. ಊರಿನವರಿಗೆ ಅವರು ಮೊದಲಿಂದ ಕೊನೆಯ ತನಕ 'ಮಿಲಿಟ್ರಿ ಅಕ್ಕ', ಆಮೇಲೆ 'ಮಿಲಿಟ್ರಿ ಅಜ್ಜಿ'.

ಹುಟ್ಟಿದ್ದು ಬರ್ಮಾದ ಮೇಮ್ಯೊದಲ್ಲಿ. ಮಾಂಡಲೆಯಿಂದ ಮೇಲಕ್ಕೆ, ಬ್ರಿಟಿಷರು ಬೇಸಗೆ ಕಳೆಯುತ್ತಿದ್ದ ಗುಡ್ಡದ ಊರು ಅದು. ಗೋರ್ಖಾ ಸಿಪಾಯಿಗಳ ಕುಟುಂಬಗಳು ಅಲ್ಲಿ ಬೇರು ಬಿಟ್ಟಿದ್ದವು. ಅಜ್ಜಿಯ ಅಪ್ಪ ಹಸು ಸಾಕಿ ಕಂಟೋನ್ಮೆಂಟಿಗೆ ಹಾಲು ಹಾಕುತ್ತಿದ್ದರಂತೆ. ಹುಟ್ಟಿದ ವರ್ಷದ ಬಗ್ಗೆ ಅಜ್ಜಿಗೆ ಗೊತ್ತಿದ್ದದ್ದು ಒಂದೇ ಮಾತು: "ರಾಜನ ಬೆಳ್ಳಿ ಹಬ್ಬಕ್ಕೆ ಮಿಠಾಯಿ ಹಂಚಿದರಲ್ಲ, ಆ ವಾರ." ನಾವು ಮಕ್ಕಳಿದ್ದಾಗ ಇದೊಂದು ಅಡುಗೂಲಜ್ಜಿ ಕತೆ ಎಂದುಕೊಂಡಿದ್ದೆವು. ಟ್ರಂಕಿನ ಎದುರು ಕೂತು ಹುಡುಕಿದೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದು 25 ವರ್ಷವಾದ ಬೆಳ್ಳಿಹಬ್ಬ ನಡೆದದ್ದು 1935ರ ಮೇ 6ಕ್ಕೆ. ಅಲ್ಲಿಗೆ ಅಜ್ಜಿಗೆ ಎಂಬತ್ತೊಂಬತ್ತು ತುಂಬಿತ್ತು. ಆಧಾರ್ ಪ್ರಕಾರ ಎಂಬತ್ತನಾಲ್ಕು, ಮಿಲಿಟರಿ ಪ್ರಕಾರ ಎಂಬತ್ತಾರು.

ಇನ್ನೊಂದೂ ಗೊತ್ತಾಯಿತು. ಬರ್ಮಾ ಬ್ರಿಟಿಷ್ ಇಂಡಿಯಾದಿಂದ ಬೇರೆಯಾದದ್ದು 1937ರ ಏಪ್ರಿಲ್ 1ರಂದು. ಅಂದರೆ ಅಜ್ಜಿ ಹುಟ್ಟಿದ್ದು ಇಂಡಿಯಾದಲ್ಲೇ. ಎರಡು ವರ್ಷದ ಕೂಸು ತೊಟ್ಟಿಲಿನಿಂದ ಇಳಿಯುವ ಮೊದಲೇ ಪರದೇಶದವಳಾಯಿತು. ಆಮೇಲೂ ಅಷ್ಟೇ, ಅವರು ಕಾಲಿಟ್ಟಲ್ಲೆಲ್ಲ ಊರಿನ ಬೋರ್ಡು ಬದಲಾಗುತ್ತಾ ಹೋಯಿತು. ಮೇಮ್ಯೊ ಈಗ ಪಿನ್ ಊ ಲ್ವಿನ್, ಬರ್ಮಾ ಈಗ ಮ್ಯಾನ್ಮಾರ್. ಬೆಳೆದ ಶಿಲ್ಲಾಂಗ್ ಆಗ ಅಸ್ಸಾಂ, ಈಗ ಮೇಘಾಲಯ. ಅಜ್ಜ ಸೈನ್ಯ ಸೇರಿದಾಗಿನ ವಿಳಾಸ 'ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ'. 1956ರ ನವೆಂಬರ್‌ನಿಂದ ಅದು ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 1997ರಿಂದ ಉಡುಪಿ ಜಿಲ್ಲೆ. ಅಂಗಳದ ತೆಂಗಿನ ಮರ ಇದ್ದಲ್ಲೇ ಇತ್ತು.

ಬರ್ಮಾ ಬಿಟ್ಟು ಬಂದ ಕತೆಯನ್ನು ಅಜ್ಜಿ ಹೇಳುತ್ತಿರಲಿಲ್ಲ. "ನಡೆದು ಬಂದೆವು" ಅಷ್ಟೇ. ನಾವೂ ಕೇಳಲಿಲ್ಲ, ಅದು ನಮ್ಮ ತಪ್ಪು. 2020ರ ಲಾಕ್‌ಡೌನಿನಲ್ಲಿ ನಾನು ಮಂಗಳೂರಿಗೆ ಹೋಗಲಾಗದೆ ಮನೆಯಲ್ಲೇ ಉಳಿದಿದ್ದೆ. ಟಿವಿಯಲ್ಲಿ ಹೆದ್ದಾರಿಯುದ್ದ ನಡೆಯುವ ಕೂಲಿಯವರು, ಸೂಟ್‌ಕೇಸಿನ ಮೇಲೆ ನಿದ್ದೆ ಹೋದ ಮಗು. ಎಲ್ಲರೂ 'ಅಯ್ಯೋ ಪಾಪ' ಅಂದೆವು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ನೀರು ತುಂಬಿದ ಪಾತ್ರೆ ಯಾರ ಕೈಯಲ್ಲೂ ಇಲ್ಲ" ಅಂದರು. ಅನುಭವಸ್ಥರ ಮಾತು ಅದು. ಆ ಸಂಜೆಯಿಂದ ಸ್ವಲ್ಪ ಸ್ವಲ್ಪವಾಗಿ, ಬಟಾಣಿ ಬಿಡಿಸಿದ ಹಾಗೆ, ಹೇಳಿದರು.

ರಂಗೂನಿಗೆ ಜಪಾನಿನ ಬಾಂಬು ಮೊದಲು ಬಿದ್ದದ್ದು 1941ರ ಡಿಸೆಂಬರ್ 23ರಂದು. ಮಾರ್ಚ್ ಹೊತ್ತಿಗೆ ರಂಗೂನ್ ಹೋಯಿತು. ಏಪ್ರಿಲ್‌ನಲ್ಲಿ ಮಾಂಡಲೆ ಹೊತ್ತಿ ಉರಿಯಿತು. ಆ ಹೊಗೆ ಕಂಡ ಮೇಲೆ ಅಪ್ಪ ಹಸುಗಳ ಹಗ್ಗ ಬಿಚ್ಚಿ ಗುಡ್ಡಕ್ಕೆ ಅಟ್ಟಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟರು. ಲಕ್ಷಾಂತರ ಭಾರತೀಯರು ನಡೆದ ದಾರಿ. ಚಿಂದ್ವಿನ್ ನದಿ ದಾಟಿ, ಕಲೇವಾ, ಟಾಮು, ಅಲ್ಲಿಂದ ಮಣಿಪುರದ ಗುಡ್ಡಗಳು, ಇಂಫಾಲ, ಕೊನೆಗೆ ದಿಮಾಪುರದ ರೈಲು ನಿಲ್ದಾಣ. ಆಗ ಆ ನಿಲ್ದಾಣದ ಹೆಸರು 'ಮಣಿಪುರ ರೋಡ್'. ಊರುಗಳ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ, ನಾನು ನಕ್ಷೆ ಇಟ್ಟುಕೊಂಡು ಹೊಂದಿಸಿದ್ದು. ಅವರಿಗೆ ಗೊತ್ತಿದ್ದದ್ದು ಬೇರೆ. ಮುಂದಿನ ಎರಡು ಹಲ್ಲು ಬಿದ್ದದ್ದು ಆ ದಾರಿಯಲ್ಲಿ. ಎಲ್ಲಿಯ ನೀರೂ ಕುಡಿಯಬಾರದೆಂದು ಅಪ್ಪ ಹೊಡೆದದ್ದು, ಯಾಕೆಂದರೆ ಕಾಲರಾ. ಒಂದು ಮರದ ಅಡಿಯಲ್ಲಿ ತಾಯಿ ಕೂತದ್ದು, ಏಳದ್ದು.

"ಅಪ್ಪ ಹೇಳಿದ, ಹಿಂದೆ ನೋಡಬೇಡ, ಆಮಾ ನಿಧಾನ ಬರ್ತಾಳೆ ಅಂತ."

ನೇಪಾಳಿಯಲ್ಲಿ ಆಮಾ ಅಂದರೆ ಅಮ್ಮ. ಏಳು ವರ್ಷದ ಮಗುವಿಗೆ ತಾಯಿಗೆ ಬೇರೆ ಹೆಸರಿದೆ ಎಂದು ಗೊತ್ತಿರುವುದಿಲ್ಲವಲ್ಲ. ಅಪ್ಪನೂ ಅಸ್ಸಾಂ ತಲುಪಿದ ವರ್ಷವೇ ಮಲೇರಿಯಾದಲ್ಲಿ ಹೋದರು. ತಮ್ಮನನ್ನು ಯಾರೋ ಸಾಕಲು ಕರೆದೊಯ್ದರು, ಆಮೇಲೆ ಸುದ್ದಿಯಿಲ್ಲ. ಅಜ್ಜಿ ಶಿಲ್ಲಾಂಗಿನಲ್ಲಿ ದೂರದ ಚಿಕ್ಕಪ್ಪನ ಮನೆಗೆ ಸೇರಿದರು. ಇಷ್ಟೆಲ್ಲದರ ನಡುವೆ ಅವರು ನಗುತ್ತಾ ಹೇಳಿದ್ದು ಒಂದೇ ಒಂದು ಸಂಗತಿ. ಚಹಾ ತೋಟದವರ ಸಂಘ ನಿರಾಶ್ರಿತರಿಗೆ ದಾರಿಯಲ್ಲಿ ಕ್ಯಾಂಪುಗಳನ್ನು ಹಾಕಿತ್ತು. ಅಲ್ಲಿ ಡಬ್ಬದಲ್ಲಿ ಕೊಟ್ಟ ಬಿಸಿ ಬಿಸಿ ಕಣ್ಣ ಚಾ, ಅಂದರೆ ಹಾಲಿಲ್ಲದ ಚಹಾ. "ನಾಲಗೆ ಸುಟ್ಟಿತು. ಆಗ ಗೊತ್ತಾಯ್ತು, ಬದುಕಿದ್ದೇನೆ ಅಂತ." ಕೊನೆಯ ದಿನದ ತನಕ ಅಜ್ಜಿಗೆ ಹಾಲು ಹಾಕಿದ ಚಹಾ ಆಗುತ್ತಿರಲಿಲ್ಲ. ಎನಾಮಲ್ ಮಗ್ಗಿನಲ್ಲಿ ಕಣ್ಣ ಚಾ, ತುಟಿ ಸುಡುವಷ್ಟು ಬಿಸಿ.

ಪಂಚಾಯತ್ ಕಚೇರಿಯ ಹುಡುಗಿ ಕಾಯುತ್ತಿದ್ದಳು. "ಆಮಾ ಅಂತ ಬರೆಯಿರಿ" ಅಂದೆ.

"ಆಮಾ? ಅದು ಹೆಸರಾ?"

"ಹೌದು."

ಸರ್ಟಿಫಿಕೇಟ್ ಕೈಗೆ ಬಂದಾಗ ನೋಡಿದರೆ, ಯಾರೋ ಪುಣ್ಯಾತ್ಮರು ಕಾಗುಣಿತ ತಿದ್ದಿದ್ದಾರೆ. ತಾಯಿಯ ಹೆಸರು: ಅಮ್ಮ. ತಿದ್ದುಪಡಿಗೆ ಅರ್ಜಿ ಕೊಡಬಹುದಿತ್ತು. ಕೊಡಲಿಲ್ಲ.

ಅಜ್ಜ ಸೈನ್ಯದಲ್ಲಿ ಲಾರಿ ಡ್ರೈವರ್, ಆರ್ಮಿ ಸರ್ವಿಸ್ ಕೋರ್. ಶಿಲ್ಲಾಂಗ್–ಗುವಾಹಟಿ ದಾರಿಯಲ್ಲಿ ಸಾಮಾನು ಸಾಗಿಸುವ ಕೆಲಸ. ಚಿಕ್ಕಪ್ಪನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕುಡಿಯುತ್ತಾ ಮದುವೆಯೇ ಆಗಿಹೋಯಿತು. ಅಜ್ಜ ಮನೆಗೆ ಬರೆದ ಕಾಗದದಲ್ಲಿ ಅದಕ್ಕೆ ಒಂದೇ ಸಾಲು: 'ಇಲ್ಲಿ ಒಂದು ಒಳ್ಳೆ ಹೆಣ್ಣು ಸಿಕ್ಕಿತು, ಕರೆದುಕೊಂಡು ಬರುತ್ತಿದ್ದೇನೆ.' 1957ರ ಡಿಸೆಂಬರ್‌ನಲ್ಲಿ ಬಂದರು. ಬ್ರಹ್ಮಪುತ್ರೆಗೆ ಆಗ ಸೇತುವೆ ಇರಲಿಲ್ಲ, ಸ್ಟೀಮರಿನಲ್ಲಿ ದಾಟಿ, ಕಲ್ಕತ್ತ, ಮದ್ರಾಸ್, ಮಂಗಳೂರು. ಅಜ್ಜಿಗೆ ಬಂದದ್ದು ನೇಪಾಳಿ, ಹಿಂದಿ. ಅತ್ತೆಗೆ ಬಂದದ್ದು ತುಳು. ಅಜ್ಜ ರಜೆ ಮುಗಿಸಿ ಹೋದ ಮೇಲೆ ಇಬ್ಬರೂ ತಿಂಗಳುಗಟ್ಟಲೆ ಕೈಸನ್ನೆಯಲ್ಲಿ ಜಗಳವಾಡಿದರು ಎಂದು ಊರಿನ ಹಳಬರು ಈಗಲೂ ನಗುತ್ತಾರೆ.

ಆ ಮನೆಯಲ್ಲಿ ಅಜ್ಜಿಗೆ ಮೊದಲ ಜಾಗ ಕೊಟ್ಟದ್ದು ಹಟ್ಟಿ. ಒದೆಯುವ ಹಸುವನ್ನೂ ಕರೆಯಬಲ್ಲವರು ಅವರು. ಎರಡನೆಯದ್ದು ಒಂದು ಭರಣಿ. ಮೂಲಂಗಿ ಸೊಪ್ಪನ್ನು ಬಾಡಿಸಿ, ಜಜ್ಜಿ, ಭರಣಿಯಲ್ಲಿ ಒತ್ತಿ ತುಂಬಿ, ಹುಳಿ ಬಂದ ಮೇಲೆ ಬಿಸಿಲಿಗೆ ಒಣಗಿಸುವ ಗುಂದ್ರುಕ್ ಮಾಡಿಟ್ಟಿದ್ದರು. ಮುತ್ತಜ್ಜಿ ಮೊದಲ ಸಲ ಅದನ್ನು ಮೂಸಿ ಕೊಳೆತಿದೆ ಎಂದು ತೆಂಗಿನ ಬುಡಕ್ಕೆ ಸುರಿದರಂತೆ. ಮರುವರ್ಷ ತುಳುವರ ಆಟಿ ತಿಂಗಳು. ಮಳೆ, ಕೈಯಲ್ಲಿ ಕಾಸಿಲ್ಲ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯೂ ಮುಗಿದಿತ್ತು. ಅಜ್ಜಿ ಮುಚ್ಚಿಟ್ಟಿದ್ದ ಎರಡನೇ ಭರಣಿ ತೆಗೆದು ಸಾರು ಮಾಡಿ ಕುಚ್ಚಲಕ್ಕಿ ಗಂಜಿಗೆ ಬಡಿಸಿದರು. ಮಳೆಗಾಲಕ್ಕೆಂದು ಬೇಸಗೆಯಲ್ಲಿ ಕೂಡಿಡುವುದು ಮುತ್ತಜ್ಜಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. 'ಹುಳಿಸೊಪ್ಪು' ಎಂಬ ಹೆಸರಿನಲ್ಲಿ ಅದು ಹಪ್ಪಳ, ಸಾಂತಣಿಗಳ ಜೊತೆ ಅಟ್ಟಕ್ಕೇರಿತು. ಆಟಿ ಅಮಾವಾಸ್ಯೆಯ ಪಾಲೆ ಮರದ ಕೆತ್ತೆಯ ಕಷಾಯ ಕುಡಿದ ದಿನ ಅಜ್ಜಿ ಮುಖ ಸಿಂಡರಿಸದೆ "ಕುನೈನ್!" ಅಂದದ್ದೂ ನಮ್ಮ ಮನೆಯಲ್ಲಿ ಪ್ರಸಿದ್ಧ. ಮಲೇರಿಯಾಕ್ಕೆ ಕುಡಿದು ಅಭ್ಯಾಸವಾದ ಕಹಿ.

ದೊಡ್ಡ ಮಾವ ಹೊಟ್ಟೆಯಲ್ಲಿದ್ದಾಗ ಇನ್ನೊಂದು ತೊಡಕು ಬಂತು. ಬಯಕೆ ಶಾಸ್ತ್ರ ಮುಗಿದರೆ ಹೆಣ್ಣನ್ನು ತಾಯಿಮನೆಯವರು ಬಂದು ಕರೆದೊಯ್ಯಬೇಕು. ಈ ಹೆಣ್ಣಿನ ತಾಯಿಮನೆ ಎಲ್ಲಿ? ಕೆಳಗಿನ ಮನೆಯವರದ್ದು ನಮ್ಮ ಗದ್ದೆಯ ಆಚೆ ಬದಿ, ಜಾತಿ ಒಂದೇ, ಬರಿ ಬೇರೆ. ಆ ಮನೆಯ ಯಜಮಾನ್ತಿ ಒಂದು ಸೀರೆ, ಐದು ತೆಂಗಿನಕಾಯಿ, ಹೂವು ತಂದು, "ಎಲ್ಲಿಗಾದರೂ ಹೋಗಬೇಕಲ್ಲ, ನಮ್ಮಲ್ಲಿಗೆ ಬರಲಿ" ಎಂದು ಗದ್ದೆ ದಾಟಿಸಿ ಕರೆದುಕೊಂಡು ಹೋದರು. ಇನ್ನೂರು ಹೆಜ್ಜೆಯ ತವರು. ಮೂರು ಹೆರಿಗೆಯೂ ಅಲ್ಲೇ ಆಯಿತು.

1962ರ ಬಗ್ಗೆ ನುಡಿನಮನದಲ್ಲಿ ಬರೆಯಬೇಡ ಎಂದರು ಸಣ್ಣ ಮಾವ. ಯಾರ ಹೆಸರೂ ಹೇಳದೆ ಇಲ್ಲಿ ಬರೆಯುತ್ತೇನೆ. ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಶುರುವಾದಾಗ ಅಜ್ಜ ತೇಜಪುರದಿಂದ ಬೊಮ್ದಿಲಾ ಕಡೆಗೆ ಲಾರಿ ಓಡಿಸುತ್ತಿದ್ದರು. ನವೆಂಬರ್ ಮೂರನೇ ವಾರ ಬೊಮ್ದಿಲಾ ಹೋಯಿತು, ತೇಜಪುರ ಖಾಲಿ ಮಾಡಿಸಿದರು. 21ಕ್ಕೆ ಕದನವಿರಾಮ. ಅಜ್ಜನ ಕಾಗದ ಇಲ್ಲ. ಪೇಟೆಯ ಹೋಟೆಲಿನ ರೇಡಿಯೋ ಕೇಳಲು ಜನ ಸೇರುತ್ತಿದ್ದರು. ಅಜ್ಜಿ ಒಂದು ಮಗುವನ್ನು ಸೊಂಟದಲ್ಲಿಟ್ಟು, ಇನ್ನೊಂದರ ಕೈ ಹಿಡಿದು, ಹೊರಗೆ ಬೀದಿಯಲ್ಲಿ ನಿಂತು ಕೇಳುತ್ತಿದ್ದರು. ಸಣ್ಣ ಕಣ್ಣು, ಚಪ್ಪಟೆ ಮೂಗು. ಯಾವನೋ ಒಬ್ಬ "ಚೀನಾದವಳು ರೇಡಿಯೋ ಕೇಳಲಿಕ್ಕೆ ಬಂದಿದ್ದಾಳೆ" ಎಂದ. ಇನ್ನೊಬ್ಬ ಪೊಲೀಸಿಗೆ ಹೇಳಬೇಕು ಎಂದ. ತಮಾಷೆಯೇ ಇರಬಹುದು. ಆದರೆ ಆ ದಿನಗಳಲ್ಲಿ ಅಸ್ಸಾಂ, ಬಂಗಾಳದ ಕಡೆ ಚೀನೀ ಮೂಲದವರನ್ನು ನಿಜವಾಗಿಯೂ ಹಿಡಿದು ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಕಳುಹಿಸುತ್ತಿದ್ದರು. ಮಕ್ಕಳು ಸಮೇತ.

ಅಜ್ಜಿ ಮನೆಗೆ ಬಂದು ಏನೂ ಹೇಳಲಿಲ್ಲ. ದೊಡ್ಡ ಮಾವನಿಗೆ ಆಗ ನಾಲ್ಕು ವರ್ಷ, ಅವರೇ ಹೇಳಿದ್ದು. ಮರುದಿನ ಮುತ್ತಜ್ಜಿ, ತನ್ನ ಜೀವಮಾನದಲ್ಲಿ ಹೋಟೆಲಿನ ಮೆಟ್ಟಿಲು ಹತ್ತದ ಹೆಂಗಸು, ಸೊಸೆಯ ಕೈ ಹಿಡಿದುಕೊಂಡು ಒಳಗೆ ಹೋಗಿ ರೇಡಿಯೋದ ಎದುರಿನ ಬೆಂಚಿನಲ್ಲಿ ಕೂರಿಸಿದರು. ಪಕ್ಕದಲ್ಲಿ ತಾನೂ ಕೂತರು. "ಇವಳ ಗಂಡ ಅಲ್ಲಿ ಇದ್ದಾನೆ. ಇವಳ ಮುಖ ನೋಡಿ ಮಾತಾಡುವವರು ಅಲ್ಲಿಗೆ ಹೋಗಿ ಬಂದು ಮಾತಾಡಲಿ." ಹೋಟೆಲಿನವರು ಎರಡು ಚಹಾ ತಂದಿಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಾಲು ಹಾಕಿದ ಚಹಾ, ಅಜ್ಜಿ ಕುಡಿದರು.

ಆ ಎರಡು ತಿಂಗಳು ಊರವರು ಕೇಳಿದಾಗಲೆಲ್ಲ ಅಜ್ಜಿಯದ್ದು ಒಂದೇ ಉತ್ತರ, ಹರಕು ತುಳುವಿನಲ್ಲಿ: "ನಡೆದು ಬರ್ತಾರೆ." ಜನವರಿಯಲ್ಲಿ ಇನ್‌ಲ್ಯಾಂಡ್ ಪತ್ರ ಬಂತು. ಲಾರಿ ಬಿಟ್ಟು, ಭೂತಾನದ ಕಾಡಿನಲ್ಲಿ ದಿನಗಟ್ಟಲೆ ನಡೆದು ಅಸ್ಸಾಂ ಬಯಲಿಗೆ ಇಳಿದವರಲ್ಲಿ ಅಜ್ಜನೂ ಇದ್ದರು.

1971ರ ಯುದ್ಧದ ಕತೆ ಸಣ್ಣದು. ಕಾಗದ ಬರುತ್ತಿತ್ತು. 1974ರಲ್ಲಿ ಅಜ್ಜ ಹವಾಲ್ದಾರರಾಗಿ ನಿವೃತ್ತಿಯಾಗಿ, ಬಂದ ಇಡುಗ‌ಂಟಿನಲ್ಲಿ ನಲವತ್ತು ಸೆಂಟ್ಸ್ ಜಾಗ ತೆಗೆದು ಮಂಗಳೂರು ಹಂಚಿನ ಮನೆ ಕಟ್ಟಿದರು. ಜಾಗ, ಮನೆ ಎರಡೂ ಅಜ್ಜಿಯ ಹೆಸರಿಗೆ. ಹೆಂಡತಿ ಹೆಸರಿಗೆ ಮಾಡುತ್ತಾರೆಯೇ, ನಾಳೆ ಅದು ಯಾವ ಕುಟುಂಬಕ್ಕೆ ಹೋಗುವುದು ಎಂದು ಅಜ್ಜನ ಕಡೆಯವರು ಗೊಣಗಿದ್ದರು. ಆಮೇಲೆ ಅಜ್ಜ ಉಡುಪಿ–ಕಾರ್ಕಳ ಬಸ್ಸಿಗೆ ಡ್ರೈವರಾದರು, 1991ರಲ್ಲಿ ತೀರಿಕೊಂಡರು. ಅಲ್ಲಿಂದ ಮೂವತ್ತಮೂರು ವರ್ಷ ಅಜ್ಜಿಯೇ ಯಜಮಾನ್ತಿ. ಯಾರ ಮದುವೆಗೆ ಎಷ್ಟು, ಯಾರ ಫೀಸಿಗೆ ಎಷ್ಟು, ಹಸು ಮಾರುವುದೋ ಬೇಡವೋ, ಎಲ್ಲ ಅವರ ಸೆರಗಿನ ಗಂಟಿನಲ್ಲಿ. ಮಿಲಿಟರಿ ಕ್ಯಾಂಟೀನಿನಿಂದ ತಂದ ರಮ್ ಬಾಟಲಿಯ ಹಂಚಿಕೆ ಕೂಡ. ತೆಂಗಿನಕಾಯಿ ಕೀಳುವವರಿಗೆ ಅರ್ಧ, ದೈವದ ಪಾತ್ರಿಗೆ ಅರ್ಧ, ಮಗಂದಿರಿಗೆ ಸೊನ್ನೆ.

ಪೆನ್ಶನ್ ನಿಲ್ಲಿಸುವ ಕೆಲಸ ನಾನಂದುಕೊಂಡಷ್ಟು ಸಲೀಸಾಗಲಿಲ್ಲ. ಈಗ ಮಿಲಿಟರಿ ಪೆನ್ಶನ್ ಎಲ್ಲ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ, ಪ್ರಯಾಗ್‌ರಾಜ್‌ನಿಂದ ನಡೆಯುತ್ತದೆ. ಅಲ್ಲಿ ಮರಣ ವರದಿ ಮಾಡಬೇಕು, ಸರ್ಟಿಫಿಕೇಟ್ ಹಾಕಬೇಕು. ತೀರಿಕೊಂಡ ದಿನದ ತನಕದ ಹಣ ವಾರಸುದಾರರಿಗೆ, ಆಮೇಲಿನದ್ದು ಬಂದಿದ್ದರೆ ವಾಪಸ್. ಇನ್ನೂ ಅಜ್ಜನಂಥವರ ಮನೆಯವರಿಗೆ ಉಪಯೋಗಕ್ಕೆ ಬರುವ ಮಾತೊಂದಿದೆ. ಎಂಬತ್ತು ತುಂಬಿದರೆ ಮೂಲ ಪೆನ್ಶನ್ನಿನ ಮೇಲೆ 20 ಶೇಕಡಾ ಹೆಚ್ಚು, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ನೂರು ತುಂಬಿದರೆ ಇಮ್ಮಡಿ. ಹಾಗಾಗಿ ಹೆಂಡತಿಯ ಹುಟ್ಟಿದ ತಾರೀಕು ಪಿಪಿಒದಲ್ಲಿ, ಅಂದರೆ ಪೆನ್ಶನ್ ಆದೇಶದ ಕಾಗದದಲ್ಲಿ, ಸರಿ ಇದೆಯೇ ಎಂದು ಗಂಡ ಬದುಕಿರುವಾಗಲೇ ನೋಡಿಕೊಳ್ಳಬೇಕು. ತಪ್ಪಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಬೇಕು.

ನಮ್ಮಲ್ಲಿ ನೋಡಿದವರಿಲ್ಲ. ಒಂದು ಕೌಂಟರಿನಲ್ಲಿ ಸರ್ಟಿಫಿಕೇಟಿನ 'ವಯಸ್ಸು 84' ನೋಡಿದ ಸಿಬ್ಬಂದಿ ಹುಬ್ಬು ಏರಿಸಿದರು. "ಇವರಿಗೆ 2018ರಿಂದಲೇ ಎಂಬತ್ತರ ಹೆಚ್ಚುವರಿ ಹೋಗಿದೆಯಲ್ಲ. ಆಧಾರ್ ಪ್ರಕಾರ 2020ಕ್ಕೆ ಆಗಬೇಕಿತ್ತು. ಎರಡು ವರ್ಷ ಜಾಸ್ತಿ ತೆಗೆದುಕೊಂಡಿದ್ದಾರಾ ಹೇಗೆ?"

ನನಗೆ ತಲೆಗೆ ಏರಿತು. ನಿಜವಾಗಿ 2015ಕ್ಕೇ ಸಿಗಬೇಕಿತ್ತು, ಮೂರು ವರ್ಷ ಅವರೇ ಕಳೆದುಕೊಂಡದ್ದು ಎಂದೆ. ಪ್ರೂಫ್ ಎಲ್ಲಿ ಎಂದರು. ರಾಜನ ಬೆಳ್ಳಿ ಹಬ್ಬದ ಮಿಠಾಯಿಗೆ ಪ್ರೂಫ್ ಎಲ್ಲಿಂದ ತರಲಿ? ಕೊನೆಗೆ ಪಿಪಿಒದಲ್ಲಿ ಇರುವ ತಾರೀಕೇ ಲೆಕ್ಕಕ್ಕೆ ಎಂದು ಅಲ್ಲಿದ್ದ ಹಿರಿಯರೊಬ್ಬರು ಹೇಳಿ, ಹೆಸರು ಎರಡೂ ಒಬ್ಬರದ್ದೇ ಎಂಬ ಅಫಿಡವಿಟ್ ತನ್ನಿ ಎಂದು ಕಳುಹಿಸಿದರು. ಇನ್ನೆರಡು ಸಲ ಹೋದೆ. ಆಯಿತು.

ಅಜ್ಜಿ ಇದ್ದಿದ್ದರೆ ನಗುತ್ತಿದ್ದರು. ಪ್ರತಿ ನವೆಂಬರ್‌ನಲ್ಲಿ ಜೀವಂತ ಇದ್ದೇನೆ ಎಂದು ತೋರಿಸುವುದು ಅವರಿಗೆ ಜಾತ್ರೆ. ಹಾಲು ಕರೆದೂ ಕರೆದೂ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುತ್ತಿರಲಿಲ್ಲ. ಮುಖ ತೋರಿಸಿದರೆ ಸಾಕು ಎಂಬ ವ್ಯವಸ್ಥೆ ಬಂದ ಮೇಲೆ ನಾನೇ ಮೊಬೈಲ್ ಹಿಡಿಯುತ್ತಿದ್ದೆ. "ಅಜ್ಜಿ, ಕಣ್ಣು ಮಿಟುಕಿಸಿ." ಮಿಟುಕಿಸಿ ಕೇಳುತ್ತಿದ್ದರು: "ಇಷ್ಟೇನಾ? ಇದಕ್ಕೇ ಅಷ್ಟು ದೂರ ನಡೆಸಿದರಾ?"

ಬೊಜ್ಜಕ್ಕೆ ನಾಲ್ಕು ದಿನವಿತ್ತು, ಆಗಸ್ಟ್ 4, ಆಟಿ ಅಮಾವಾಸ್ಯೆ. ಸೂತಕದ ಮನೆ, ಆದರೂ ಅಮ್ಮ ಬೆಳಗಾತ ಪಾಲೆ ಕಷಾಯ ಕಾಸಿದ್ದಳು. ಕುಡಿಯುತ್ತಾ ಕೂತಾಗ ದೊಡ್ಡ ಮಾವ ಕೇಳಿಯೇಬಿಟ್ಟರು. "ಹದಿನಾರಕ್ಕೆ ಸೇರಿಸುವುದು ಎಲ್ಲಿ?"

ಸತ್ತವರನ್ನು ಹಿಂದೆ ಹೋದ ಹಿರಿಯರ ಸಾಲಿಗೆ ಕರೆದು, ಎಲೆ ಹಾಕಿ ಬಡಿಸುವುದಕ್ಕೆ ನಮ್ಮಲ್ಲಿ ಹದಿನಾರಕ್ಕೆ ಸೇರಿಸುವುದು ಎನ್ನುತ್ತಾರೆ. ಅಜ್ಜನನ್ನು ಅವರ ಕುಟುಂಬದ ಮನೆಯಲ್ಲಿ ಸೇರಿಸಿದ್ದಾಯಿತು. ಹೆಂಡತಿಯದ್ದು ಅಲ್ಲಿ ಆಗುವುದಿಲ್ಲ, ಅವಳ ಹಿರಿಯರು ಬೇರೆ. ಅಜ್ಜಿಯ ಹಿರಿಯರು ಚಿಂದ್ವಿನ್ ದಾಟಿದ ಮೇಲಿನ ಯಾವುದೋ ಮರದ ಅಡಿಯಲ್ಲಿ ಇದ್ದಾರೆ.

ಅಮ್ಮ ಲೋಟ ಕೆಳಗಿಟ್ಟು, "ಎಂತ ಅಣ್ಣ, ನನ್ನ ಮದುವೆ ಮರೆತಿರಾ?" ಅಂದಳು.

1982ರ ಮಾತು. ಅಪ್ಪನ ಕಡೆಯವರು ಹೆಣ್ಣು ನೋಡಲು ಬಂದು ಎಲ್ಲ ಒಪ್ಪಿಗೆಯಾಗಿ, ಕೊನೆಗೆ ಕೇಳಿದರು: "ಹುಡುಗಿಯ ಬರಿ ಯಾವುದು?" ಜಗಲಿಯಲ್ಲಿ ಮೌನ. ಮುತ್ತಜ್ಜಿ, ಆಗ ಎಂಬತ್ತರ ಹತ್ತಿರ, ಒಳಗಿನಿಂದಲೇ ಕೂಗಿದರು: "ನನ್ನ ಸೊಸೆ ಅಲ್ಲ ಅವಳು, ನನ್ನ ಮಗಳು. ನನ್ನ ಬರಿಯೇ ಬರೆದುಕೊಳ್ಳಿ." ಅಪ್ಪನ ಕಡೆಯ ಹಿರಿಯರೊಬ್ಬರು ಎಲೆ ಅಡಿಕೆ ಜಗಿಯುತ್ತಾ ಮೆಲ್ಲಗೆ, "ಹಾಗಾದರೆ ನಿಮ್ಮ ಮಗ ತನ್ನ ತಂಗಿಯನ್ನೇ ಮದುವೆಯಾದ ಹಾಗಾಯಿತಲ್ಲ" ಅಂದರು. ಅಜ್ಜ ಎದ್ದು ಹಟ್ಟಿಗೆ ಹೋದರಂತೆ, ನಗು ತಡೆಯಲಾರದೆ. ಆಗ ಕೆಳಗಿನ ಮನೆಯ ಯಜಮಾನ್ತಿ, ಮೂರು ಹೆರಿಗೆ ಮಾಡಿಸಿದವರು, ಬಾಗಿಲ ಸಂದಿಯಿಂದ ಹೇಳಿದರು: "ಬಾಣಂತನ ನಮ್ಮಲ್ಲಿ ಆದದ್ದು. ಬರಿಯೂ ನಮ್ಮದೇ. ಇದರಲ್ಲಿ ಕೇಳುವುದು ಎಂತ ಉಂಟು?" ಮರುದಿನ ಅಜ್ಜಿಯನ್ನು ಮನೆಗೆ ಕರೆದು, ದೈವದ ಎದುರು ನಿಲ್ಲಿಸಿ ಒಂದು ಸೇರು ಅಕ್ಕಿ, ವೀಳ್ಯ ಕೈಗಿಟ್ಟರು. ಆ ಮನೆಯ ಒಬ್ಬ ಹುಡುಗನನ್ನು ಅಮ್ಮ ಆಗಾಗ ಕದ್ದು ನೋಡುತ್ತಿದ್ದಳಂತೆ. ಒಂದು ಸೇರು ಅಕ್ಕಿಯಲ್ಲಿ ಅವನು ಅಣ್ಣನಾಗಿಬಿಟ್ಟ. ಇದನ್ನು ಅಮ್ಮ ಆ ದಿನ ಕಷಾಯ ಕುಡಿಯುತ್ತಾ ಮೊದಲ ಸಲ ಹೇಳಿದ್ದು.

ಆದರೆ ಅದು ನಲವತ್ತೆರಡು ವರ್ಷದ ಹಿಂದಿನ ಮಾತು. ಆ ಯಜಮಾನ್ತಿ ಹೋಗಿ ಎಷ್ಟೋ ಕಾಲವಾಯಿತು. ಆ ಮನೆಯಲ್ಲಿ ಈಗ ಅವರ ಮಗಳು, ಎಂಬತ್ತರ ಚಿಕ್ಕಜ್ಜಿ, ಮೊಮ್ಮಕ್ಕಳೆಲ್ಲ ಮುಂಬೈ, ಮಸ್ಕತ್. ಮದುವೆಯ ಕಾಗದಕ್ಕೆ ಬರಿ ಕೊಟ್ಟರು ಎಂದು, ಸತ್ತವರಿಗೆ ಎಲೆ ಹಾಕಿ ಎಂದು ಹೋಗಿ ಕೇಳುವುದು ಹೇಗೆ? ಮಾವಂದಿರಿಬ್ಬರೂ ಸಂಕೋಚದಲ್ಲಿ ಮುದುಡಿ ಕೂತರು. ನಾನೇ ಕೊಡೆ ಹಿಡಿದು ಗದ್ದೆಯ ಹುಣಿಯಲ್ಲಿ ನಡೆದೆ.

ಅಲ್ಲಿ ಹೋಗಿ ನೋಡಿದರೆ ದೇವರ ಕೋಣೆಗೆ ಬಾಗಿಲು ಎಳೆದಿದೆ, ದೀಪವಿಲ್ಲ. ಚಿಕ್ಕಜ್ಜಿ ಜಗಲಿಯಲ್ಲಿ ಬರಿಹಣೆಯಲ್ಲಿ ಕೂತಿದ್ದಾರೆ.

"ಇಲ್ಲಿ ಯಾರು ತೀರಿಕೊಂಡದ್ದು ಚಿಕ್ಕಜ್ಜಿ?" ನನಗೆ ಗಾಬರಿ.

ಅವರು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದರು. "ಎಂತ ಮಾರಾಯ್ತಿ ನೀನು. ನನ್ನ ಅಕ್ಕ ಹೋಗಿ ಇವತ್ತಿಗೆ ಒಂಬತ್ತು ದಿನ. ಸೂತಕ ನಮಗಿಲ್ಲವಾ?"

ಬೊಜ್ಜದ ದಿನ ನಾನು ಬರೆದ ಪುಟವನ್ನು ದೊಡ್ಡ ಮಾವ ಓದಿದರು. ಮೈಕ್ ಎರಡು ಸಲ ಕೈಕೊಟ್ಟಿತು, ಮಳೆಯ ಸದ್ದಿನಲ್ಲಿ ಹಿಂದಿನ ಸಾಲಿನವರಿಗೆ ಏನೂ ಕೇಳಲಿಲ್ಲ. ಹುಟ್ಟಿದ ವರ್ಷ 1935 ಎಂದೇ ಬರೆದಿದ್ದೆ. 1962ರ ಹೋಟೆಲಿನ ಸಾಲನ್ನು ಸಣ್ಣ ಮಾವ ಪೆನ್ನಿನಲ್ಲಿ ಹೊಡೆದುಹಾಕಿದ್ದರು, ದೊಡ್ಡ ಮಾವ ಅದನ್ನೂ ಸೇರಿಸಿ ಓದಿದರು.

ಸಂಜೆ ಕೆಳಗಿನ ಮನೆಯ ಒಳಚಾವಡಿಯಲ್ಲಿ ಬಾಳೆ ಎಲೆಗಳ ಸಾಲು. ಚಿಕ್ಕಜ್ಜಿ ತನ್ನ ಅಮ್ಮನ ಎಲೆಯ ಪಕ್ಕಕ್ಕೆ ಇನ್ನೊಂದು ಎಲೆ ಹಾಕಿಸಿದರು. ಅನ್ನ, ಸಾರು, ಪಲ್ಯ, ಕೋಳಿ, ಅಟ್ಟದಿಂದ ತಂದ ಹುಳಿಸೊಪ್ಪಿನ ಸಾರು ಒಂದು ಬಟ್ಟಲು. ಎಲ್ಲ ಬಡಿಸಿ ಬಾಗಿಲು ಎಳೆದು ನಾವು ಹೊರಗೆ ನಿಲ್ಲಬೇಕು. ಎಳೆಯುವಷ್ಟರಲ್ಲಿ ಚಿಕ್ಕಜ್ಜಿ ತಡೆದರು.

"ಚಾ ಎಲ್ಲಿ?"

ಅಮ್ಮ ಗದ್ದೆ ದಾಟಿ ಓಡಿದಳು. ಎನಾಮಲ್ ಮಗ್ ಅಲ್ಲೇ ಉಳಿದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು, ಕೆಳಗಿನ ಮನೆಯ ಒಲೆಯಲ್ಲೇ ನೀರು ಕುದಿಸಿದರು. ಚಿಕ್ಕಜ್ಜಿ ಬೆರಳು ಅದ್ದಿ ನೋಡಿ, "ಇದು ಸಾಲದು, ಇನ್ನೂ ಬಿಸಿ ಮಾಡಿ" ಎಂದು ವಾಪಸ್ ಕಳುಹಿಸಿದರು.